ಆಟಗಾರನ ನಾಡಿಯನ್ನು ಹಿಡಿಯತಕ್ಕವರು ಯಾರು?

2025ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಮ್ಯಾಂಚೆಸ್ಟರ್ ನಗರದಲ್ಲಿ ಇಂಗ್ಲೆಂಡಿಗೂ ನಮ್ಮ ದೇಶಕ್ಕೂ ನಡೆದ ಟೆಸ್ಟ್ ಪಂದ್ಯದ ಮೊದಲನೆಯ ದಿನ ನಮ್ಮ ತಂಡದ ರಿಷಭ್ ಪಂತರ ಬಲಪಾದಕ್ಕೆ ಚೆಂಡು ಬಡಿದು ಮೂಳೆ ಮುರಿಯಿತು. ಕಾಲೂರಲಾರದೆ ಅವರು ಗಾಡಿಯಲ್ಲಿ ಕುಳಿತು ಮೈದಾನದಿಂದ ಹೊರಗೆ ಹೋದರು. ಮರುದಿನ ಕುಂಟುತ್ತ ಮೆಟ್ಟಿಲಿಳಿದು ಬಂದು, ತಮ್ಮ ಲೆಕ್ಕವನ್ನು 54 ಓಟಗಳಿಗೆ ಏರಿಸಿ ಹಿಂದಿರುಗಿದರು. ಅದಾದ ಎರಡು ವಾರಗಳೊಳಗೆ ಲಂಡನಿನ ಓವಲ್ ಮೈದಾನದಲ್ಲಿ ಇಂಗ್ಲೆಂಡಿನ ಕ್ರಿಸ್ ವೋಕ್ಸ್ ಎಂಬವರು, ಭುಜದ ಕೀಲು ತಪ್ಪಿದ ತಮ್ಮ ಎಡಗೈಯನ್ನು ಉಡುಪಿನೊಳಗೆ ಕಟ್ಟಿಕೊಂಡು, ಒಂದೇ ಕೈಯಲ್ಲಿ ಬ್ಯಾಟು ಹಿಡಿದು ಕಣಕ್ಕಿಳಿದರು. ಎರಡು ಸಂದರ್ಭಗಳಲ್ಲಿಯೂ ಪ್ರೇಕ್ಷಕರು ಸ್ವಪಕ್ಷ ಪರಪಕ್ಷವೆನ್ನದೆ ಎದ್ದು ನಿಂತು ಕರತಾಡನ ಮಾಡಿದರು. ಪತ್ರಿಕೆಗಳೂ ಅವರ ಧೈರ್ಯವನ್ನು ಹೊಗಳಿದವು.

ಶೌರ್ಯವನ್ನು ಕಂಡು ಹಿಗ್ಗುವುದು ಮನುಷ್ಯಸ್ವಭಾವ. ಊರೂರಿನ ಹೊರಗೆ ವೀರಗಲ್ಲುಗಳನ್ನು ನಿಲ್ಲಿಸಿದ ನಾಡು ನಮ್ಮದು. ಆದರೆ ಆ ವೀರಗಲ್ಲುಗಳ ವಿಷಯದಲ್ಲಿ ನಾವು ಮರೆತಿರುವ ಒಂದು ಸಂಗತಿಯಿದೆ. ತುರುಗಳನ್ನು ಕಾಯುವುದಕ್ಕಾಗಿ ಹೋರಾಡಿ ಮಡಿದವನಿಗೆ ನಮ್ಮ ಪೂರ್ವಿಕರು ಬರಿಯ ಕಲ್ಲನ್ನು ನೆಟ್ಟು ಸುಮ್ಮನಾಗುತ್ತಿರಲಿಲ್ಲ. ಅವನ ಹೆಂಡಿರು ಮಕ್ಕಳಿಗೆ ನೆತ್ತರುಗೊಡಗೆಯೆಂದು ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಯಾರಿಗಾಗಿ ಅವನ ನೆತ್ತರು ಹರಿಯಿತೋ ಅವರು ಅದರ ಋಣವನ್ನು ಒಪ್ಪಿಕೊಳ್ಳುತ್ತಿದ್ದರು. ಇಂದಿನ ಕ್ರೀಡಾರಂಗದಲ್ಲಿ ಕರತಾಡನವು ಧಾರಾಳವಾಗಿದೆ. ಋಣವನ್ನು ಒಪ್ಪಿಕೊಳ್ಳುವವರು ವಿರಳ. ಹಣಕ್ಕಾಗಿ ಆಡುವ ಆಟಗಳಲ್ಲಿ ಆಟಗಾರನ ದೇಹಕ್ಕೂ ಮನಸ್ಸಿಗೂ ಒದಗುವ ಹಾನಿಯನ್ನು ಅಳೆಯತಕ್ಕವರು ಯಾರು ಎಂಬ ಪ್ರಶ್ನೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಯಾರಿಗೂ ಬೇಡವಾದ ವಿಶ್ರಾಂತಿ

ವಿನೋದಕ್ಕಾಗಿ ಆಡುವವನಿಗೆ ನೋವಾದರೆ ಅವನು ಮನೆಗೆ ಹೋಗುತ್ತಾನೆ. ಅದರಿಂದ ಯಾರ ಗಂಟೂ ಮುಳುಗುವುದಿಲ್ಲ. ಆಟವೇ ಜೀವನೋಪಾಯವಾದವನ ಸ್ಥಿತಿ ಬೇರೆ. ಅವನ ದೇಹವು ಅವನಿಗೆ ಅನ್ನ. ತಂಡದ ಒಡೆಯನಿಗೆ ಬಂಡವಾಳ. ಪಂದ್ಯವನ್ನು ಟೆಲಿವಿಷನ್ನಿನಲ್ಲಿ ಬಿತ್ತರಿಸುವ ಕಂಪನಿಗೆ ಸರಕು. ಈ ಮಾತು ಅಲಂಕಾರವಲ್ಲ. 2008ರಲ್ಲಿ ಆರಂಭವಾದ ಐ.ಪಿ.ಎಲ್. ಪಂದ್ಯಾವಳಿಗೆ ಆಟಗಾರರನ್ನು ಹರಾಜಿನಲ್ಲಿಯೇ ಕೊಳ್ಳುತ್ತಾರೆ. 2022ರಲ್ಲಿ ಆ ಹರಾಜು ಎರಡು ದಿನಗಳ ಕಾಲ ನಮ್ಮ ಬೆಂಗಳೂರಿನಲ್ಲಿಯೇ ಜರುಗಿತು.

ಹೀಗಿರಲು, ನೊಂದ ಆಟಗಾರನಿಗೆ ವಿಶ್ರಾಂತಿ ಸಿಗಬೇಕೆಂದು ಮನಸಾರೆ ಬಯಸುವವರು ಯಾರು? ಒಡೆಯನಿಗೆ ಹಾಕಿದ ಹಣ ಮರಳಿ ಬರಬೇಕು. ಶಿಕ್ಷಕನಿಗೆ ಪಂದ್ಯ ಗೆಲ್ಲಬೇಕು. ಸೋತರೆ ಅವನ ಉದ್ಯೋಗಕ್ಕೇ ಸಂಚಕಾರ. ಪ್ರೇಕ್ಷಕನು ಟಿಕೆಟ್ಟಿಗೆ ಹಣ ಕೊಟ್ಟಿದ್ದಾನೆ. ಇವರೆಲ್ಲರಿಗಿಂತ ಹೆಚ್ಚಾಗಿ ಆಟಗಾರನಿಗೇ ವಿಶ್ರಾಂತಿ ಬೇಡ. ಏಕೆಂದರೆ ಅವನು ಬಿಟ್ಟ ಸ್ಥಾನಕ್ಕೆ ಹತ್ತು ಮಂದಿ ಕಾದು ನಿಂತಿರುತ್ತಾರೆ. ಆದುದರಿಂದ ಅವನು ನೋವನ್ನು ಮುಚ್ಚಿಡುತ್ತಾನೆ, ನೋವು ತಿಳಿಯದಂತೆ ಸೂಜಿಮದ್ದು ಹಾಕಿಸಿಕೊಳ್ಳುತ್ತಾನೆ, ಕೇಳಿದರೆ ‘ಚೆನ್ನಾಗಿದ್ದೇನೆ’ ಎನ್ನುತ್ತಾನೆ. ಉಳಿದವನು ವೈದ್ಯನೊಬ್ಬ. ಆ ವೈದ್ಯನೂ ತಂಡದ ಸಂಬಳವನ್ನೇ ತಿನ್ನುವವನಾದರೆ, ರೋಗಿಯ ಪರವಾಗಿ ನಿಲ್ಲುವವರು ಒಬ್ಬರೂ ಇಲ್ಲವೆಂದಾಯಿತು. ಇದು ಊಹೆಯ ಮಾತಲ್ಲವೆಂಬುದನ್ನು ಅಮೆರಿಕೆಯಲ್ಲಿ ನಡೆದ ಒಂದು ಪ್ರಕರಣವು ಸ್ಪಷ್ಟವಾಗಿ ತೋರಿಸಿಕೊಟ್ಟಿದೆ.

ಅಮೆರಿಕೆಯ ಪಾಠ

ಅಮೆರಿಕೆಯವರು ಫುಟ್‌ಬಾಲ್ ಎಂದು ಕರೆಯುವ ಆಟವು ನಮ್ಮ ಕಾಲ್ಚೆಂಡಿನ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ, ತಡೆಯುವ, ಕೆಡಹುವ ಆಟವದು. ಆಟಗಾರರು ಶಿರಸ್ತ್ರಾಣ ಧರಿಸಿ ಟಗರುಗಳಂತೆ ಹಾಯುತ್ತಾರೆ. ಪಿಟ್ಸ್‌ಬರ್ಗ್ ನಗರದ ತಂಡದಲ್ಲಿ ಮೈಕ್ ವೆಬ್‌ಸ್ಟರ್ ಎಂಬವರು ಸಾಲಿನ ನಡುವೆ ನಿಂತು ಆಡುತ್ತಿದ್ದರು. ಪ್ರತಿ ಸಲ ಆಟ ಆರಂಭವಾದಾಗಲೂ ಎದುರಾಳಿಯ ಮೊದಲ ಹಾಯ್ತ ಅವರ ತಲೆಗೇ. 1974ರಿಂದ 1990ರವರೆಗೆ 17 ಋತುಗಳ ಕಾಲ ಅವರು ಆಡಿದರು. ನಾಲ್ಕು ಸಲ ಅವರ ತಂಡವು ರಾಷ್ಟ್ರದ ಅತ್ಯುನ್ನತ ಪ್ರಶಸ್ತಿಯನ್ನು ಪಡೆಯಿತು. ನಿವೃತ್ತರಾದ ಮೇಲೆ ಅವರ ಸ್ಮರಣಶಕ್ತಿ ಕುಗ್ಗಿತು, ವಿವೇಚನೆ ಕೆಟ್ಟಿತು, ಸಂಸಾರ ಮುರಿಯಿತು, ಹಣ ಕರಗಿತು. ಕೋಟ್ಯಂತರ ಜನರು ಕೊಂಡಾಡಿದ ಆ ಮಲ್ಲನು ಕೆಲವು ಕಾಲ ತನ್ನ ಗಾಡಿಯಲ್ಲಿಯೇ ಮಲಗಿ ರಾತ್ರಿ ಕಳೆಯಬೇಕಾಯಿತು. 2002ರ ಸೆಪ್ಟೆಂಬರಿನಲ್ಲಿ, ತಮ್ಮ 50ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಆ ಶವದ ಪರೀಕ್ಷೆ ನೈಜೀರಿಯಾ ದೇಶದಿಂದ ಬಂದು ಆ ನಗರದಲ್ಲಿ ನೌಕರಿಯಲ್ಲಿದ್ದ ಬೆನೆಟ್ ಒಮಾಲು ಎಂಬ ತರುಣ ವೈದ್ಯರ ಪಾಲಿಗೆ ಬಂದಿತು. ಮಿದುಳು ಮೇಲುನೋಟಕ್ಕೆ ಸರಿಯಾಗಿಯೇ ಕಂಡಿತು. ಮತ್ತೊಬ್ಬರಾಗಿದ್ದರೆ ಅಷ್ಟಕ್ಕೇ ಕಾಗದಕ್ಕೆ ಸಹಿ ಹಾಕಿ ಮುಗಿಸುತ್ತಿದ್ದರು. ಒಮಾಲು ಅವರಿಗೆ ಸಮಾಧಾನವಾಗಲಿಲ್ಲ. ಅವರು ಮಿದುಳಿನ ತೆಳುವಾದ ಹೋಳುಗಳನ್ನು ಸ್ವಂತ ಖರ್ಚಿನಿಂದ ಸಿದ್ಧಪಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಟಾವ್ ಎಂಬ ಪ್ರೋಟೀನು ನರಕೋಶಗಳಲ್ಲಿ ಗಂಟುಗಟ್ಟಿ ನಿಂತಿರುವುದು ಕಂಡುಬಂದಿತು. ಈ ರೋಗಕ್ಕೆ ಇಂದು ಸಿ.ಟಿ.ಇ. ಎಂಬ ಹೆಸರು ಪ್ರಸಿದ್ಧವಾಗಿದೆ. ಇದರ ಕಾರಣವನ್ನು ತಿಳಿಯಲು ಕೊಬ್ಬರಿ ಗಿಟುಕನ್ನು ನೆನೆದರೆ ಸಾಕು. ಕಾಯಿಯನ್ನು ಅಲುಗಿಸಿದರೆ ಚಿಪ್ಪು ಒಡೆಯದಿದ್ದರೂ ಒಳಗಿನ ಗಿಟುಕು ಚಿಪ್ಪಿಗೆ ಬಡಿಯುತ್ತದೆ. ಹಾಗೆಯೇ ತಲೆಬುರುಡೆಯೊಳಗೆ ದ್ರವದಲ್ಲಿ ತೇಲುವ ಮಿದುಳು ಪ್ರತಿಯೊಂದು ಹೊಡೆತಕ್ಕೂ ಕುಲುಕುತ್ತದೆ. ಶಿರಸ್ತ್ರಾಣವು ಬುರುಡೆಯನ್ನು ಕಾಪಾಡೀತು. ಒಳಗಿನ ಕುಲುಕಾಟವನ್ನು ಅದು ತಡೆಯಲಾರದು. ಮೂರ್ಛೆ ಬರಿಸುವ ದೊಡ್ಡ ಪೆಟ್ಟೊಂದೇ ಅಪಾಯಕಾರಿಯಲ್ಲ. ಲೆಕ್ಕಕ್ಕೇ ಬಾರದ ಸಣ್ಣ ಪೆಟ್ಟುಗಳು ವರ್ಷಗಟ್ಟಲೆ ಕೂಡಿಕೊಂಡೂ ಈ ಹಾನಿಯನ್ನು ಮಾಡುತ್ತವೆ.

ವಾಸ್ತವವಾಗಿ ಇದು ಹೊಸ ಜ್ಞಾನವೂ ಆಗಿರಲಿಲ್ಲ. ಮುಷ್ಟಿಕಾಳಗದವರು ಕಾಲಕ್ರಮದಲ್ಲಿ ಕುಡುಕರಂತೆ ತೊದಲುವುದನ್ನೂ ತೂರಾಡುವುದನ್ನೂ ಕುರಿತು ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕೆಯ ವೈದ್ಯರು 1928ರಲ್ಲಿಯೇ ಬರೆದಿದ್ದರು. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದರೆ ಮಿದುಳು ಕೆಡುವುದೆಂಬುದು ಮುಷ್ಟಿಕಾಳಗದ ವಿಷಯದಲ್ಲಿ ಸತ್ಯವಾದರೆ, ಇನ್ನೊಂದು ಆಟದ ವಿಷಯದಲ್ಲಿ ಅದು ಸುಳ್ಳಾಗುವುದು ಹೇಗೆ?

ಒಮಾಲು ಅವರ ಪ್ರಬಂಧವು 2005ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದಾಗ ನಡೆದ ಸಂಗತಿಯನ್ನು ನಮ್ಮ ವಾಚಕರು ಚೆನ್ನಾಗಿ ಗಮನಿಸಬೇಕು. ಆ ಆಟವನ್ನು ನಡೆಸುವ ಎನ್.ಎಫ್.ಎಲ್. ಎಂಬ ಸಂಸ್ಥೆಯು ತಲೆಯ ಗಾಯಗಳನ್ನು ಪರಿಶೀಲಿಸಲು 1994ರಲ್ಲಿಯೇ ಒಂದು ಕಮಿಟಿಯನ್ನು ನೇಮಿಸಿತ್ತು. ಅದರ ಅಧ್ಯಕ್ಷರು ಒಂದು ತಂಡದ ವೈದ್ಯರು. ಅವರ ಪರಿಣತಿ ಕೀಲುನೋವುಗಳಲ್ಲಿಯೇ ಹೊರತು ಮಿದುಳಿನಲ್ಲಲ್ಲ. ಆಟದಿಂದ ಮಿದುಳಿಗೆ ಶಾಶ್ವತವಾದ ಕೇಡಾಗುವುದೆಂಬುದಕ್ಕೆ ಆಧಾರವಿಲ್ಲವೆಂದು ಆ ಕಮಿಟಿಯವರು ಪ್ರಬಂಧದ ಮೇಲೆ ಪ್ರಬಂಧವನ್ನು ಪ್ರಕಟಿಸುತ್ತ ಬಂದರು. ಒಮಾಲು ಅವರ ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಪತ್ರಿಕೆಗೆ ಬರೆದವರೂ ಅವರೇ. ವಿಚಿತ್ರವೇನೆಂದರೆ, ಅದೇ ಆಟದ ನಿವೃತ್ತಿವೇತನದ ಮಂಡಲಿಯು ವೆಬ್‌ಸ್ಟರ್ ಅವರ ಅಶಕ್ತತೆಯು ಆಟದಿಂದಲೇ ಬಂದುದೆಂದು 1999ರಲ್ಲಿಯೇ ಒಪ್ಪಿತ್ತು. ಒಂದು ಕೊಠಡಿಯಲ್ಲಿ ಒಪ್ಪಿದ ಸತ್ಯವನ್ನು ಪಕ್ಕದ ಕೊಠಡಿಯಲ್ಲಿ ಅಲ್ಲಗಳೆದರು. ಕಾಯಬೇಕಾದ ಬೇಲಿಯೇ ಎದ್ದು ಹೊಲವನ್ನು ಮೇಯ್ದುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಕೊನೆಗೆ ನ್ಯಾಯಸ್ಥಾನವೇ ಗತಿಯಾಯಿತು. 4,500ಕ್ಕೂ ಹೆಚ್ಚು ಮಂದಿ ಮಾಜಿ ಆಟಗಾರರು ದಾವೆ ಹೂಡಿದರು. 2013ರಲ್ಲಿ 76.5 ಕೋಟಿ ಡಾಲರುಗಳ ರಾಜಿಯ ಮಾತು ಬಂದಿತು. ಆ ಮೊತ್ತವು ಎಲ್ಲ ರೋಗಿಗಳಿಗೂ ಸಾಲದೆ ಹೋದೀತೆಂದು ನ್ಯಾಯಾಧೀಶರು 2014ರಲ್ಲಿ ಶಂಕೆ ವ್ಯಕ್ತಪಡಿಸಿ ಒಪ್ಪಿಗೆ ಕೊಡಲಿಲ್ಲ. ಪರಿಹಾರಕ್ಕೆ ಮಿತಿಯಿರಕೂಡದೆಂದು ತಿದ್ದುಪಡಿಯಾದ ಮೇಲೆಯೇ 2015ರಲ್ಲಿ ಮಂಜೂರಾತಿ ದೊರೆಯಿತು. ಆಟಕ್ಕೂ ಈ ರೋಗಕ್ಕೂ ಸಂಬಂಧವುಂಟೆಂದು ಆ ಸಂಸ್ಥೆಯ ಅಧಿಕಾರಿಯೊಬ್ಬರು ಅಮೆರಿಕೆಯ ಶಾಸನಸಭೆಯ ಮುಂದೆ ಒಪ್ಪಿಕೊಂಡುದು 2016ರಲ್ಲಿ; ಅಂದರೆ ವೆಬ್‌ಸ್ಟರ್ ತೀರಿಕೊಂಡ 14 ವರ್ಷಗಳ ನಂತರ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು.

ಅಷ್ಟರಿಂದಲೂ ಅನ್ಯಾಯವು ಮುಗಿಯಲಿಲ್ಲ. ಪರಿಹಾರಕ್ಕೆ ಅರ್ಹರಾರೆಂದು ಗೊತ್ತುಮಾಡುವ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ, ಕರಿಯ ಜನರ ಬುದ್ಧಿಯ ಮಟ್ಟವು ಮೊದಲಿನಿಂದಲೂ ಬಿಳಿಯರಿಗಿಂತ ಕೆಳಗಿರುವುದೆಂದು ಹಿಡಿದು ಅಂಕಗಳನ್ನು ಹೊಂದಿಸುವ ಪದ್ಧತಿಯಿತ್ತು. ಇದರಿಂದ, ಒಂದೇ ಬಗೆಯ ಹಾನಿಯನ್ನು ಅನುಭವಿಸಿದ ಇಬ್ಬರಲ್ಲಿ ಬಿಳಿಯನಿಗೆ ಹಣ ದೊರೆತು ಕರಿಯನಿಗೆ ತಪ್ಪುವ ಸಂಭವವಿತ್ತು. ಬಹಿರಂಗವಾಗಿ ಆಕ್ಷೇಪ ಬಂದ ಮೇಲೆ 2021ರಲ್ಲಿ ಇದನ್ನು ಕೈಬಿಡುವುದಾಗಿ ಒಪ್ಪಿದರು. ವರ್ಣಭೇದದ ಅವಮಾನವನ್ನು ಪರದೇಶಗಳಲ್ಲಿ ತಾನೂ ಉಂಡಿರುವ ನಮ್ಮ ಜನಾಂಗಕ್ಕೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸತ್ಯವನ್ನು ಅಳತೆ ಮೀರಿ ಹೇಳುವುದೂ ತಪ್ಪು. 2017ರಲ್ಲಿ ಬಾಸ್ಟನಿನ ಸಂಶೋಧಕರು ಈ ಆಟದ 111 ಮಂದಿ ವೃತ್ತಿಪರ ಆಟಗಾರರ ಮಿದುಳುಗಳನ್ನು ಪರೀಕ್ಷಿಸಿ 110ರಲ್ಲಿ ರೋಗದ ಗುರುತನ್ನು ಕಂಡರು. ಆದರೆ ಆ ಮಿದುಳುಗಳನ್ನು ದಾನ ಮಾಡಿದವರು ಬಹುಮಟ್ಟಿಗೆ ರೋಗಲಕ್ಷಣಗಳನ್ನು ಕಂಡಿದ್ದ ಕುಟುಂಬದವರೇ. ಆದುದರಿಂದ ಆಡಿದವರೆಲ್ಲರಿಗೂ ಇದು ಬರುವುದೆಂದು ಹೇಳಕೂಡದೆಂದು ಆ ಸಂಶೋಧಕರೇ ಎಚ್ಚರಿಸಿದ್ದಾರೆ.

ತಲೆಯಿಂದ ಆಡುವ ಕಾಲ್ಚೆಂಡು

ನಮ್ಮ ಊರುಗಳಲ್ಲಿ ಮಕ್ಕಳಾಡುವ ಕಾಲ್ಚೆಂಡಿನ ಆಟಕ್ಕೂ ಈ ವಿಷಯ ಅಂಟಿಕೊಂಡಿದೆ. ಇಂಗ್ಲೆಂಡಿನ ಜೆಫ್ ಆಸ್ಟಲ್ ಎಂಬವರು ಚೆಂಡನ್ನು ತಲೆಯಿಂದ ಹೊಡೆಯುವುದರಲ್ಲಿ ಪ್ರಸಿದ್ಧರಾಗಿದ್ದವರು. ಅವರು 2002ರಲ್ಲಿ, 59ನೆಯ ವಯಸ್ಸಿನಲ್ಲಿ, ಮರೆವಿನ ರೋಗದಿಂದ ಮೃತರಾದರು. ಮರಣವಿಚಾರಣೆಯ ಅಧಿಕಾರಿಯು ಇದನ್ನು ‘ಉದ್ಯೋಗದಿಂದ ಬಂದ ರೋಗ’ವೆಂದು ದಾಖಲೆ ಮಾಡಿದರು. ಗಣಿಯ ಕೂಲಿಯವನ ಶ್ವಾಸಕೋಶದ ರೋಗಕ್ಕೆ ಕೊಡುವ ಹೆಸರೇ ಆಟಗಾರನ ಮಿದುಳಿನ ರೋಗಕ್ಕೂ ದೊರೆಯಿತು. ಕೋಲಾರದ ಚಿನ್ನದ ಗಣಿಗಳನ್ನು ಕಂಡ ನಾಡಿಗೆ ಈ ಹೋಲಿಕೆಯ ತೂಕ ತಿಳಿಯದೆ ಇರದು.

2019ರಲ್ಲಿ ಗ್ಲಾಸ್ಗೋ ನಗರದ ಸಂಶೋಧಕರು ಸ್ಕಾಟ್ಲೆಂಡಿನ 7,676 ಮಂದಿ ಮಾಜಿ ವೃತ್ತಿಪರ ಆಟಗಾರರನ್ನು ಇತರ ಜನರೊಂದಿಗೆ ಹೋಲಿಸಿದರು. ನರಗಳು ಕ್ಷಯಿಸುವ ರೋಗಗಳಿಂದ ಸಾಯುವ ಸಂಭವವು ಆಟಗಾರರಲ್ಲಿ ಸುಮಾರು ಮೂರೂವರೆ ಪಟ್ಟು ಹೆಚ್ಚಾಗಿತ್ತು. 2021ರ ಮುಂದಿನ ಪರಿಶೀಲನೆಯಲ್ಲಿ, ತಲೆಯನ್ನು ಹೆಚ್ಚಾಗಿ ಉಪಯೋಗಿಸುವ ಹಿಂಬದಿಯ ರಕ್ಷಕರಿಗೆ ಈ ಅಪಾಯವು ಅತ್ಯಧಿಕವೆಂದೂ, ಕೈಯಿಂದ ಚೆಂಡು ಹಿಡಿಯುವ ಗೋಲ್‌ಕೀಪರುಗಳಿಗೆ ಸಾಮಾನ್ಯ ಜನರಷ್ಟೇ ಎಂದೂ ತಿಳಿದುಬಂದಿತು. ಅದೇ ಆಟಗಾರರಲ್ಲಿ ಹೃದ್ರೋಗದಿಂದ ಸತ್ತವರು ಇತರ ಜನರಿಗಿಂತ ಕಡಿಮೆ ಎಂಬುದನ್ನೂ ಇಲ್ಲಿ ಹೇಳಬೇಕು. ಎಂದರೆ ಆಟವು ಆರೋಗ್ಯವನ್ನು ಕೊಡುವುದೂ ನಿಜ, ಕಸಿದುಕೊಳ್ಳುವುದೂ ನಿಜ. ಆಟವನ್ನೇ ನಿಲ್ಲಿಸಬೇಕೆಂಬುದು ನಮ್ಮ ವಾದವಲ್ಲ. ಯಾವುದು ಕೊಡುತ್ತದೆ, ಯಾವುದು ಕಸಿದುಕೊಳ್ಳುತ್ತದೆ ಎಂಬುದನ್ನು ಪಕ್ಷಪಾತವಿಲ್ಲದೆ ವಿಂಗಡಿಸಬೇಕೆಂಬುದೇ ನಮ್ಮ ವಾದ.

ನಮ್ಮ ಕ್ರಿಕೆಟ್ಟಿನ ಲೆಕ್ಕ

ಕ್ರಿಕೆಟ್ ಸೌಮ್ಯವಾದ ಆಟವೆಂದು ತಿಳಿಯುವವರು 1962ನ್ನು ನೆನೆಯಬೇಕು. ಆ ವರ್ಷ ಬಾರ್ಬಡೋಸ್ ದ್ವೀಪದಲ್ಲಿ ಚಾರ್ಲಿ ಗ್ರಿಫಿತರ ಚೆಂಡು ನಮ್ಮ ನಾಯಕ ನಾರಿ ಕಂಟ್ರ್ಯಾಕ್ಟರರ ತಲೆಬುರುಡೆಯನ್ನು ಒಡೆಯಿತು. ಎದುರುಪಕ್ಷದ ನಾಯಕ ಫ್ರ್ಯಾಂಕ್ ವೊರೆಲ್ ತಮ್ಮ ರಕ್ತವನ್ನೇ ಕೊಟ್ಟು ಅವರ ಪ್ರಾಣವುಳಿಯಲು ನೆರವಾದರು. ಕಂಟ್ರ್ಯಾಕ್ಟರರು ಬದುಕಿದರು, ಆದರೆ 28ನೆಯ ವಯಸ್ಸಿನಲ್ಲಿಯೇ ಅವರ ಟೆಸ್ಟ್ ಜೀವನ ಮುಗಿದಿತ್ತು. 2014ರ ನವೆಂಬರಿನಲ್ಲಿ ಸಿಡ್ನಿಯಲ್ಲಿ ಫಿಲಿಪ್ ಹ್ಯೂಸ್ ಎಂಬ 25 ವರ್ಷದ ತರುಣನು ಶಿರಸ್ತ್ರಾಣ ಧರಿಸಿದ್ದರೂ, ಅದು ಮುಚ್ಚದ ಕುತ್ತಿಗೆಯ ಭಾಗಕ್ಕೆ ಚೆಂಡು ತಗುಲಿ ಎರಡು ದಿನಗಳಲ್ಲಿ ಮೃತನಾದನು.

ತಲೆಗೆ ಪೆಟ್ಟಾದವನ ಬದಲಿಗೆ ಇನ್ನೊಬ್ಬನನ್ನು ಆಡಿಸಬಹುದೆಂಬ ನಿಯಮವು ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಜಾರಿಗೆ ಬಂದುದು 2019ರ ಆಗಸ್ಟಿನಲ್ಲಿ. ಅದೇ ತಿಂಗಳು ಲಾರ್ಡ್ಸ್ ಮೈದಾನದಲ್ಲಿ ಆಸ್ಟ್ರೇಲಿಯದ ಸ್ಟೀವ್ ಸ್ಮಿತ್ ಅವರ ಕುತ್ತಿಗೆಗೆ ಚೆಂಡು ಬಡಿಯಿತು. ಅವರು ಹೊರಗೆ ಹೋಗಿ, ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಮುಕ್ಕಾಲು ಗಂಟೆಯೊಳಗೆ ಮರಳಿ ಬಂದು ಆಡಿದರು. ಮಿದುಳಿನ ಆಘಾತದ ಲಕ್ಷಣಗಳು ತೋರಿದುದು ಮರುದಿನ. ಆಗ ಅವರಿಗೆ ಬದಲಾಗಿ ಮಾರ್ನಸ್ ಲಬುಶೇನ್ ಆಡಿದರು. ಇದರಿಂದ ಎರಡು ವಿಷಯಗಳು ತಿಳಿಯುತ್ತವೆ: ಇಂಥ ಆಘಾತವು ತಡವಾಗಿ ತಲೆದೋರಬಹುದು, ಆಟಗಾರನ ಉತ್ಸಾಹವು ಅವನ ಆರೋಗ್ಯದ ಪ್ರಮಾಣಪತ್ರವಲ್ಲ.

ಪೆಟ್ಟು ಬೀಳದೆಯೂ ದೇಹ ಮುರಿಯುತ್ತದೆ. ವೇಗದ ಬೌಲರನು ಚೆಂಡೆಸೆಯುವಾಗ ಮುಂಗಾಲಿನ ಮೇಲೆ ತನ್ನ ತೂಕದ ಹಲವು ಪಟ್ಟು ಭಾರವನ್ನು ಇಳಿಸುತ್ತಾನೆ. ಅದೇ ಕ್ಷಣದಲ್ಲಿ ಅವನ ಸೊಂಟ ಬಾಗಿ ತಿರುಚುತ್ತದೆ. ಬೆನ್ನೆಲುಬಿನಲ್ಲಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ವಿಶ್ರಾಂತಿ ದೊರೆತರೆ ಮೂಳೆ ತನ್ನನ್ನು ತಾನೇ ಬೆಸೆದುಕೊಳ್ಳುತ್ತದೆ. ದೊರೆಯದಿದ್ದರೆ ಬಿರುಕು ಬೆಳೆದು ಮುರಿತವಾಗುತ್ತದೆ. ಎಲುಬು ಇನ್ನೂ ಬಲಿಯದ ಹದಿಹರೆಯದವರಿಗೆ ಈ ಅಪಾಯ ಹೆಚ್ಚು. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥರಿಗೆ 1997ರಲ್ಲಿ ಭುಜವು ಕೈಕೊಟ್ಟು ಶಸ್ತ್ರಚಿಕಿತ್ಸೆಯಾಯಿತು. ಅದಾದ ಮೇಲೂ ಅವರು ದುಡಿದು, 236 ಟೆಸ್ಟ್ ವಿಕೆಟ್ಟುಗಳೊಡನೆ ನಿವೃತ್ತರಾದುದು ಅವರ ಹಿರಿಮೆ. ಜಸ್ಪ್ರೀತ್ ಬುಮ್ರಾ ಅವರ ಬೆನ್ನಿಗೆ 2023ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. 2024ರ ಕೊನೆಯಲ್ಲಿ ಆಸ್ಟ್ರೇಲಿಯದಲ್ಲಿ ಅವರು 150ಕ್ಕೂ ಹೆಚ್ಚು ಓವರುಗಳನ್ನು ಎಸೆದು 32 ವಿಕೆಟ್ಟುಗಳನ್ನು ಪಡೆದರು. ಕೊನೆಯ ಪಂದ್ಯದಲ್ಲಿ ಬೆನ್ನು ಹಿಡಿದುಕೊಂಡಿತು. ಮುಂದೆ 2025ರಲ್ಲಿ ಇಂಗ್ಲೆಂಡಿನ ಐದು ಪಂದ್ಯಗಳಲ್ಲಿ ಮೂರನ್ನು ಮಾತ್ರ ಆಡುವುದೆಂದು ಮೊದಲೇ ನಿಶ್ಚಯಿಸಿದಾಗ, ದೇಶಕ್ಕಾಗಿ ಆಡಲು ಇವರಿಗೆ ಏನು ದಾಡಿ ಎಂದು ಗೊಣಗಿದವರು ನಮ್ಮಲ್ಲಿ ಅನೇಕರು. ಎತ್ತಿಗೂ ವಾರಕ್ಕೊಮ್ಮೆ ನೊಗ ಇಳಿಸಿ ಬಸವಣ್ಣನೆಂದು ಕೈಮುಗಿಯುವ ಜನರು ನಾವು! ದೇಶಾಭಿಮಾನವೆಂದರೆ ದೇಶದ ಸಂಪತ್ತನ್ನು ಕಾಪಾಡುವುದಲ್ಲವೆ?

ಮನಸ್ಸೂ ಒಂದು ಅಂಗ

ಮೂಳೆ ಮುರಿದರೆ ಎಕ್ಸ್-ರೇ ಚಿತ್ರವು ಸಾಕ್ಷಿ ಹೇಳುತ್ತದೆ. ಮನಸ್ಸು ಮುರಿದವನಿಗೆ ತೋರಿಸಲು ಚಿತ್ರವಿಲ್ಲ. ತಿಂಗಳುಗಟ್ಟಲೆ ಮನೆಯಿಂದ ದೂರವಿದ್ದು ಹೋಟೆಲಿನಿಂದ ಹೋಟೆಲಿಗೆ ಅಲೆಯುವ ಬಾಳು. ಕೋಟಿ ಕಣ್ಣುಗಳ ಮುಂದೆ ಸೋಲುವ ನಾಚಿಕೆ. ಸೋತ ರಾತ್ರಿಯೇ ಮೊಬೈಲಿನೊಳಗೆ ಬಂದು ಬೀಳುವ ಬೈಗುಳ. ಗಾಯಗೊಂಡು ತಂಡದಿಂದ ಬೇರೆಯಾದಾಗಿನ ಒಂಟಿತನ. ಉಳಿದವರ ಉದ್ಯೋಗವು ಚಿಗುರುವ 35ನೆಯ ವಯಸ್ಸಿನಲ್ಲಿ ಒದಗುವ ನಿವೃತ್ತಿ. ಇವುಗಳಲ್ಲಿ ಒಂದೊಂದೂ ಗಟ್ಟಿಗನನ್ನು ಅಲುಗಿಸಬಲ್ಲುದು. ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ಅಂತರವೆಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಇಂಗ್ಲೆಂಡಿನ ಮಾರ್ಕಸ್ ಟ್ರೆಸ್ಕೊಥಿಕ್ 2006ರಲ್ಲಿ ನಮ್ಮ ದೇಶದ ಪ್ರವಾಸವನ್ನು ಅರ್ಧದಲ್ಲಿಯೇ ಬಿಟ್ಟು ಹೋದಾಗ ‘ವೈಯಕ್ತಿಕ ಕಾರಣ’ವೆಂದು ಪ್ರಕಟಿಸಲಾಯಿತು. ಅದು ಮನೋವ್ಯಾಕುಲತೆಯೆಂದು ಅವರೇ 2008ರಲ್ಲಿ ತಮ್ಮ ಆತ್ಮಕಥೆಯಲ್ಲಿ ವಿವರವಾಗಿ ಬರೆದರು. 2014ರಲ್ಲಿ ಇಂಗ್ಲೆಂಡಿನಲ್ಲಿ ಹತ್ತು ಸರದಿಗಳಲ್ಲಿ 134 ಓಟಗಳನ್ನಷ್ಟೆ ಗಳಿಸಿದಾಗ ತಮಗೆ ಪ್ರಪಂಚವೇ ಮುಗಿದಂತಾಗಿತ್ತೆಂದೂ, ಅದನ್ನು ಯಾರೊಡನೆ ಹೇಗೆ ಹೇಳಿಕೊಳ್ಳಬೇಕೆಂದು ತಿಳಿಯಲಿಲ್ಲವೆಂದೂ ವಿರಾಟ್ ಕೊಹ್ಲಿ ಅವರು 2019ರಲ್ಲಿ ತಿಳಿಸಿದರು. 2007ರಲ್ಲಿ ಟಿ-20 ವಿಶ್ವಕಪ್ಪನ್ನು ಗೆದ್ದ ತಂಡದಲ್ಲಿದ್ದ ನಮ್ಮ ಕೊಡಗಿನ ರಾಬಿನ್ ಉತ್ತಪ್ಪ ಅವರು, 2009ರಿಂದ 2011ರವರೆಗಿನ ಅವಧಿಯಲ್ಲಿ ತಮಗೆ ಬದುಕೇ ಬೇಡವೆನಿಸುತ್ತಿತ್ತೆಂದು 2020ರಲ್ಲಿ ಬಹಿರಂಗವಾಗಿ ನುಡಿದರು. ಇತರರ ನೆರವನ್ನು ಪಡೆದುದರಿಂದ ತಾವು ಪಾರಾದುದನ್ನೂ ಹೇಳಿದರು. ಆ ವರ್ಷಗಳಲ್ಲಿ ಅವರು ಬ್ಯಾಟು ಹಿಡಿದು ಬಂದಾಗ ಕೂಗಿ ಹುರಿದುಂಬಿಸಿದ ನಾವು ಯಾರೂ ಇದನ್ನು ಊಹಿಸಿಯೇ ಇರಲಿಲ್ಲ.

ಮನಸ್ಸಿನ ತೊಂದರೆ ಬರಿಯ ಮನಸ್ಸಿನಲ್ಲಿ ನಿಲ್ಲುವುದಿಲ್ಲ. 2021ರಲ್ಲಿ ಟೋಕಿಯೋ ನಗರದ ಒಲಿಂಪಿಕ್ಸಿನಲ್ಲಿ ಅಮೆರಿಕೆಯ ಅಂಗಸಾಧಕಿ ಸಿಮೋನ್ ಬೈಲ್ಸ್ ತಂಡದ ಅಂತಿಮ ಸ್ಪರ್ಧೆಯಿಂದ ಹಿಂದೆ ಸರಿದರು. ಗಾಳಿಯಲ್ಲಿ ತಿರುಗುವಾಗ ನೆಲ ಎಲ್ಲಿ, ತಾನು ಎಲ್ಲಿ ಎಂಬ ಅರಿವು ಅವರಿಗೆ ತಪ್ಪಿಹೋಗುತ್ತಿತ್ತು. ಆ ಸ್ಥಿತಿಯಲ್ಲಿ ಮುಂದುವರಿದಿದ್ದರೆ ಕುತ್ತಿಗೆ ಮುರಿದು ಬೀಳುವ ಸಂಭವವಿತ್ತು. ಆಗ ಅವರನ್ನು ಹೇಡಿಯೆಂದು ಜರೆದವರುಂಟು. ಅದೇ ಬೈಲ್ಸ್ 2024ರಲ್ಲಿ ಪ್ಯಾರಿಸಿನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಪದಕಗಳನ್ನು ಗೆದ್ದು ತೋರಿಸಿದರು. ಸಕಾಲದ ವಿಶ್ರಾಂತಿಯು ಸೋಲಲ್ಲವೆಂಬುದಕ್ಕೆ ಬೇರೆ ರುಜುವಾತು ಬೇಡ.

ಎರಡು ಆಕ್ಷೇಪಗಳು

ಇಷ್ಟೊಂದು ಹಣ ಸಂಪಾದಿಸುವವರಿಗೆ ಇಷ್ಟು ಕಷ್ಟ ಇರಬೇಕಾದುದೇ ಎಂದು ಕೆಲವರು ಹೇಳುವುದುಂಟು. ಕೋಟಿ ಗಳಿಸುವವರು ಬೆರಳೆಣಿಕೆಯ ಮಂದಿ. ಅವರ ಹಿಂದೆ ಹೆಸರಿಲ್ಲದೆ, ಊರಿಂದೂರಿಗೆ ಆಡುತ್ತ, ಮೊಣಕಾಲಿನ ಒಂದು ಪೆಟ್ಟಿನಿಂದ ಅನ್ನವನ್ನೇ ಕಳೆದುಕೊಳ್ಳುವ ಕಬಡ್ಡಿ, ಹಾಕಿ, ಕಾಲ್ಚೆಂಡು, ಕುಸ್ತಿಗಳ ಆಟಗಾರರ ಸಾಲೇ ಇದೆ. ಹೆಚ್ಚು ಸಂಬಳ ಕೊಟ್ಟವನಿಗೆ ಕೆಲಸದವನ ಕೈಕಾಲುಗಳ ಮೇಲೆ ಹಕ್ಕು ಬರುವುದೆಂದು ಯಾವ ಧರ್ಮವೂ ಹೇಳದು.

ಹೀಗೆ ನಾಜೂಕು ಮಾಡಿದರೆ ತರುಣರು ದುರ್ಬಲರಾದಾರೆಂಬುದು ಎರಡನೆಯ ಆಕ್ಷೇಪ. ನಮ್ಮ ಗರಡಿಮನೆಗಳು ದುರ್ಬಲರನ್ನು ತಯಾರಿಸಿದುವೆ? ಅಲ್ಲಿ ಇಂತಿಷ್ಟು ಸಾಮು, ಇಂಥ ಆಹಾರ, ಇಷ್ಟು ನಿದ್ರೆ ಎಂಬ ಕಟ್ಟಿತ್ತು. ಮೈ ಸರಿಯಿಲ್ಲದವನನ್ನು ಅಖಾಡಕ್ಕೆ ಇಳಿಸದಿರುವುದು ಉಸ್ತಾದನ ಧರ್ಮವಾಗಿತ್ತು. ‘ತಾಳಿದವನು ಬಾಳಿಯಾನು’ ಎಂಬುದು ಒಳ್ಳೆಯ ಮಾತೇ ಸರಿ; ಆದರೆ ಬಿರುಕು ಬಿಟ್ಟ ಎಲುಬಿಗೂ ಊದಿದ ಮಿದುಳಿಗೂ ಅದನ್ನು ಉಪದೇಶಿಸಿ ಪ್ರಯೋಜನವಿಲ್ಲ.

ಆಗಬೇಕಾದುದೇನು?

ಮೊದಲನೆಯದಾಗಿ, ನೊಂದ ಆಟಗಾರನು ಮತ್ತೆ ಆಡಬಹುದೆ ಎಂಬುದನ್ನು ತೀರ್ಮಾನಿಸುವ ವೈದ್ಯನು ತಂಡದ ಸಂಬಳದವನಾಗಿರಕೂಡದು. ಪಾಠ ಕಲಿತ ಅಮೆರಿಕೆಯವರು 2013ರಿಂದ, ಯಾವ ತಂಡಕ್ಕೂ ಸೇರದ ನರರೋಗ ತಜ್ಞರನ್ನು ಮೈದಾನದಲ್ಲಿ ನಿಲ್ಲಿಸುತ್ತಿದ್ದಾರೆ. ಆ ಏರ್ಪಾಡೂ ನಿರ್ದೋಷವಲ್ಲ. 2022ರಲ್ಲಿ ತೂರಾಡಿ ಬಿದ್ದ ಟುವಾ ಟಾಗೊವೈಲೋವಾ ಎಂಬ ಆಟಗಾರನನ್ನು ಅದೇ ದಿನ ಮತ್ತೆ ಆಡಲು ಬಿಟ್ಟರು. ನಾಲ್ಕು ದಿನಗಳ ನಂತರ ಇನ್ನೊಂದು ಪಂದ್ಯದಲ್ಲಿ ಅವರನ್ನು ಮೈದಾನದಿಂದ ಹೊತ್ತೊಯ್ಯಬೇಕಾಯಿತು. ಕೂಡಲೇ ಆಟಗಾರರ ಸಂಘವು ಆ ತಜ್ಞನನ್ನು ವಜಾ ಮಾಡಿತು, ನಿಯಮವೂ ಬಿಗಿಯಾಯಿತು. ತಪ್ಪಾದಾಗ ಕೇಳುವ ಅಧಿಕಾರ ಆಟಗಾರರಿಗಿದ್ದುದೇ ಇಲ್ಲಿನ ವಿಶೇಷ. ನಮ್ಮಲ್ಲಿ ಕ್ರಿಕೆಟ್ ಮಂಡಲಿಯವರು 2024ರಲ್ಲಿ ಬೆಂಗಳೂರಿನ ಬಳಿ ಹೊಸ ತರಬೇತಿ ಕೇಂದ್ರವನ್ನು ತೆರೆದು ಗಾಯಾಳುಗಳಿಗೆ ಉತ್ತಮ ಚಿಕಿತ್ಸೆಯ ಅನುಕೂಲ ಮಾಡಿರುವುದೂ, 2025ರಲ್ಲಿ ಹಲವು ದಿನಗಳ ದೇಶೀಯ ಪಂದ್ಯಗಳಲ್ಲಿ ತೀವ್ರವಾಗಿ ಗಾಯಗೊಂಡವನಿಗೆ ಬದಲಿ ಆಟಗಾರನನ್ನು ಅನುಮತಿಸಿರುವುದೂ ಶ್ಲಾಘ್ಯ. ಆದರೆ ಆಡಿಸುವ ಸಂಸ್ಥೆಯೇ ‘ಈತನು ಆಡಲು ಯೋಗ್ಯ’ನೆಂದು ಮುದ್ರೆಯೊತ್ತುವ ಏರ್ಪಾಡು ಎಷ್ಟೇ ಸದುದ್ದೇಶದಿಂದ ಕೂಡಿದ್ದರೂ ಅಪೂರ್ಣವೇ.

ಎರಡನೆಯದಾಗಿ, 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯು ಒಂದು ರಾಷ್ಟ್ರೀಯ ಮಂಡಲಿಯನ್ನೂ, ವ್ಯಾಜ್ಯಗಳನ್ನು ತೀರಿಸುವ ನ್ಯಾಯಮಂಡಲಿಯನ್ನೂ, ಆಡಳಿತದಲ್ಲಿ ಆಟಗಾರರಿಗೆ ಸ್ಥಾನವನ್ನೂ ಗೊತ್ತುಮಾಡಿದೆ. ಆ ಕಾಯಿದೆಯ ನಿಯಮಾವಳಿಯಲ್ಲಿ ಸ್ವತಂತ್ರ ವೈದ್ಯಪರೀಕ್ಷೆ, ನಿವೃತ್ತಿಯ ನಂತರದ ಚಿಕಿತ್ಸೆ, ಗಾಯದ ವಿಮೆ ಇವುಗಳನ್ನು ಸ್ಪಷ್ಟವಾಗಿ ಸೇರಿಸಬೇಕು. ನೆತ್ತರುಗೊಡಗೆಯನ್ನು ಕರುಣೆಯಿಂದಲ್ಲ, ಕಾಯಿದೆಯಿಂದ ಕೊಡತಕ್ಕದ್ದು.

ಮೂರನೆಯದಾಗಿ, ಈ ಪತ್ರಿಕೆಯನ್ನು ಓದುವ ಅಧಿಕಾರಿಗಳಲ್ಲಿಯೂ ಉಪಾಧ್ಯಾಯರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ತಾಲ್ಲೂಕು ಪಂದ್ಯಗಳಲ್ಲಿ, ಶಾಲೆಗಳ ಪಂದ್ಯಗಳಲ್ಲಿ, ಇಲಾಖೆಗಳ ಪಂದ್ಯಗಳಲ್ಲಿ, ತಲೆಗೆ ಪೆಟ್ಟಾದ ಸಂಶಯ ಬಂದರೆ ಆ ದಿನ ಅವನು ಆಡಕೂಡದೆಂಬ ಒಂದೇ ನಿಯಮವನ್ನು ಗೋಡೆಗೆ ಬರೆದು ಹಾಕಲು ಖಜಾನೆಯ ಹಣ ಬೇಕಾಗಿಲ್ಲ. ಹದಿಹರೆಯದ ವೇಗದ ಬೌಲರನು ವಾರಕ್ಕೆ ಎಷ್ಟು ಓವರು ಎಸೆದನೆಂದು ಒಂದು ಪುಸ್ತಕದಲ್ಲಿ ಗುರುತು ಹಾಕುವುದಕ್ಕೂ ಹಣ ಬೇಡ. ಮನಸ್ಸಿನ ವಿಷಯದಲ್ಲಿಯೂ ದಾರಿ ದೂರವಿಲ್ಲ. ಮೈಸೂರು ಸರ್ಕಾರವು ಹುಚ್ಚರ ಆಶ್ರಯವೆಂಬ ಹೆಸರನ್ನು ಅಳಿಸಿ ಮಾನಸಿಕ ಆಸ್ಪತ್ರೆಯೆಂದು ಕರೆದುದು 1925ರಲ್ಲಿ. ಇಂದು ನಿಮ್ಹಾನ್ಸ್ ಎಂದು ಹೆಸರಾಗಿರುವ ಸಂಸ್ಥೆ ಅದರಿಂದಲೇ ಬೆಳೆದುಬಂದುದು. ಅದರ ಮಾರ್ಗದರ್ಶನದಲ್ಲಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸೇವೆಗೆ 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ ಹಣವಿಲ್ಲದೆಯೇ ಸಲಹೆ ದೊರೆಯುತ್ತದೆ. ಈ ಸಂಖ್ಯೆಯು ಪ್ರತಿಯೊಂದು ಆಟದ ಮನೆಯ ಬಾಗಿಲಿನಲ್ಲಿಯೂ ಇರಲಿ.

ಕೊನೆಯದಾಗಿ ಪ್ರೇಕ್ಷಕರಾದ ನಮ್ಮ ಕರ್ತವ್ಯ. ಒಡೆಯನು ನೋಡುವುದು ನಮ್ಮ ಮುಖವನ್ನು. ನಾವು ಯಾವುದಕ್ಕೆ ಚಪ್ಪಾಳೆ ತಟ್ಟುತ್ತೇವೆಯೋ ಅದನ್ನೇ ಅವನು ಮಾರುತ್ತಾನೆ. ಆಟಗಾರನು ನೋವನ್ನು ನುಂಗಿ ನಿಂತಾಗ ಹೊಗಳುವ ನಾವು, ಆತನು ‘ಇಂದು ನನ್ನಿಂದಾಗದು’ ಎಂದಾಗಲೂ ಅಷ್ಟೇ ಗೌರವದಿಂದ ಕೇಳುವುದನ್ನು ಕಲಿಯಬೇಕು. ಆಟವು ಹತ್ತು ಹದಿನೈದು ವರ್ಷಗಳದು. ಬಾಳು ಅದಕ್ಕಿಂತ ದೀರ್ಘವಾದುದು. ಆ ಉಳಿದ ಬಾಳನ್ನು ಅವನು ತನ್ನ ಮಕ್ಕಳ ಹೆಸರನ್ನು ಮರೆಯದೆ, ತನ್ನ ಕಾಲ ಮೇಲೆ ತಾನು ನಿಂತು ಕಳೆಯುವಂತಾದರೆ, ಅದೇ ದೇಶಕ್ಕೆ ನಿಜವಾದ ಗೆಲುವು.